ಎಂಟನೇ ಮೇಜಿನ ಕಾವಲುಗಾರ

ಕಾಕ್ಸ್‌ಟೌನಿನ ಆ ಹಾಲ್‌ನ ವಾಚ್‌ಮನ್ ಗೇಟಿಗೆ ಕೋಲು ಅಡ್ಡ ಹಿಡಿದು ಎಲ್ಲರನ್ನೂ ಕೇಳುತ್ತಿದ್ದುದು ಒಂದೇ: "ಯಾರ್ ನೀವು? ಒಳಗೇನ್ ಕೆಲ್ಸ?" ಹಾಲ್ ಬುಕ್ ಮಾಡಿದ್ದ ನನ್ನನ್ನೂ ಬಿಡಲಿಲ್ಲ.

ಅಂದು ನಮ್ಮ ರೋಲ್‌ಪ್ಲೇ ಆಟ. ಎಂಟು ಮೇಜು, ಪ್ರತಿ ಮೇಜಿನಲ್ಲೂ ಕಥೆ ನಡೆಸುವವನೊಬ್ಬ, ರಾಜಕುಮಾರ, ಮಂತ್ರವಾದಿ ಮುಂತಾದ ಪಾತ್ರಗಳಾಗಿ ದಾಳ ಉರುಳಿಸುವ ಐವರು. ಎಂಟನೆಯ ಮೇಜಿನ ಕಥೆಗಾರ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ. ಆಟಗಾರರು ಬೇಸತ್ತು ಎದ್ದು ಹೊರಡುವುದರಲ್ಲಿದ್ದರು. ನಾನು ವಾಚ್‌ಮನ್ ಅವರನ್ನೇ ಕರೆತಂದು ಕಥೆಗಾರನ ಕುರ್ಚಿಯಲ್ಲಿ ಕೂರಿಸಿದೆ.

"ಅಣ್ಣಾ, ಇವ್ರೆಲ್ಲಾ ಕೋಟೆ ಒಳಗೆ ಹೋಗ್ಬೇಕಂತೆ. ಸ್ವಲ್ಪ ವಿಚಾರಿಸ್ಕೊಳ್ಳಿ."

ಅವರು ಕೋಲನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಗಂಟೆ ಕಳೆದರೂ ರಾಜಕುಮಾರನಿಗಾಗಲಿ ಮಂತ್ರವಾದಿಗಾಗಲಿ ಬಾಗಿಲು ತೆರೆಯಲಿಲ್ಲ. ಐವರೂ ನಕ್ಕು ನಕ್ಕು ಸುಸ್ತಾದರು.

ಕೊನೆಗೆ ಕಥೆಗಾರ ಏದುಸಿರು ಬಿಡುತ್ತ ಬಂದ. ಐವರೂ ಎದ್ದು ಮೇಜಿನ ಮೇಲಿದ್ದ ಕೋಲನ್ನೇ ಎತ್ತಿ ಅವನಿಗೆ ಅಡ್ಡ ಹಿಡಿದರು: "ಯಾರ್ ನೀವು? ಒಳಗೇನ್ ಕೆಲ್ಸ?"