ಅತ್ತೆ ಅಗೆಯಗೊಡದ ಗಡ್ಡೆ

ಕುರ್ಪಿ ನೆಲಕ್ಕೆ ತಾಗುವ ಮೊದಲೇ ಅತ್ತೆ ನನ್ನ ಕೈ ಹಿಡಿದರು. "ಏನ್ ಮಾಡಾಕತ್ತೀಯವ್ವಾ?"

ತೇರದಾಳದ ನಮ್ಮ ಹೊಲದ ಬೇಲಿಗೆ ಹಬ್ಬಿದ್ದ ಕಾಡುಬಳ್ಳಿಯೊಂದರ ಫೋಟೋವನ್ನು, ಗಿಡಗಳನ್ನು ಗುರುತಿಸಲು ನೆರವಾಗುವ ಜಾಲತಾಣಕ್ಕೆ ಹಾಕಿದ್ದೆ. ಬರೀ ಎಲೆ ನೋಡಿ ಹೇಳಲಾಗದು, ಬುಡ ಅಗೆದು ಗಡ್ಡೆ ತೋರಿಸಿ ಎಂದು ಅಲ್ಲಿ ಒಬ್ಬರು ಬರೆದಿದ್ದರು. ನಮ್ಮದು ಜೈನರ ಮನೆ. ಗಡ್ಡೆಗೆಣಸು ನಮ್ಮ ಅಡುಗೆಮನೆಗೆ ಬರುವುದಿಲ್ಲ.

"ತಿನ್ನಾಕ ಅಲ್ರಿ ಅತ್ತಿ, ಫೋಟೋಕ್ಕ" ಎಂದೆ.

"ತಿನ್ನಾಕ ಕಿತ್ತರೂ, ಫೋಟೋಕ್ಕ ಕಿತ್ತರೂ ಅದು ಸಾಯೂದು ಖರೆ. ಹೂ ಬಿಡೂತನಕ ತಡಿ."

ನನಗೆ ಸಿಟ್ಟು ಬಂತು. ಆದರೂ ನಡೆದದ್ದನ್ನು ಜಾಲತಾಣದಲ್ಲಿ ಬರೆದು ಹೂವಿಗಾಗಿ ಕಾದೆ. ಮಳೆ ಬಿದ್ದ ಮೇಲೆ ಬಳ್ಳಿ ಪುಟ್ಟ ಕಂದೀಲಿನಂಥ ಹೂ ಬಿಟ್ಟಿತು. ಅದರ ಫೋಟೋ ಹಾಕಿದ ದಿನವೇ, ಗಡ್ಡೆ ತೋರಿಸಿ ಎಂದಿದ್ದವರೇ ಹೆಸರು ತಿಳಿಸಿದರು: ಸೆರೊಪೀಜಿಯಾ ಬಲ್ಬೋಸಾ. ಅದರ ಕೆಳಗೆ ಹೀಗಿತ್ತು: "ತಿನ್ನಲೆಂದು ಗಡ್ಡೆ ಕಿತ್ತು ಕಿತ್ತೇ ಈ ಬಳ್ಳಿ ಎಷ್ಟೋ ಕಡೆ ಇಲ್ಲವಾಗಿದೆ. ನಾನು ಅಗೆಯಿರಿ ಅನ್ನಬಾರದಿತ್ತು."

ಆ ಹೆಸರು ಅತ್ತೆಯ ಬಾಯಿಗೆ ಇನ್ನೂ ಬರುವುದಿಲ್ಲ. ಅವರ ಮಾತು ಮಾತ್ರ ನನ್ನ ಬಾಯಿಗೆ ಬಂದಿದೆ. ಜಾಲತಾಣದಲ್ಲಿ ಯಾರಾದರೂ ಗಡ್ಡೆ ತೋರಿಸಿ ಎಂದರೆ ಮೊದಲು ನಾನೇ ಬರೆಯುತ್ತೇನೆ: "ಹೂ ಬಿಡೂತನಕ ತಡೀರಿ."