ನಾಲ್ಕು ಕುಲುಮೆ, ಒಂದು ಮೀಟರ್

ಭದ್ರಾವತಿಯ ಫೌಂಡ್ರಿಯಿಂದ ಫೋನ್ ಬಂದಾಗ ನಾನು ಶಿವಮೊಗ್ಗದ ನನ್ನ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದೆ. ಮಾತಾಡಿದವರು ಅಲ್ಲಿ ಕುಲುಮೆ ನೋಡಿಕೊಳ್ಳುವ ಹಿರಿಯ ಆಪರೇಟರ್.

"ನಿಮ್ಮ ಮೀಟರು ಬೆಳಿಗ್ಗೆಯಿಂದ ಎಂಟ್ನೂರ ನಲವತ್ತು ಡಿಗ್ರಿಯಲ್ಲೇ ನಿಂತಿದೆ ಮೇಡಂ. ಒಳಗೆ ಕಬ್ಬಿಣದ ಬಣ್ಣ ನೋಡಿದ್ರೆ ಬಿಸಿ ಜಾಸ್ತಿನೇ ಇದೆ. ಕುಲುಮೆ ನಾನೇ ಆಫ್ ಮಾಡ್ಬಿಟ್ಟೆ."

ಅವರು ಕಣ್ಣಿನ ಬದಲು ನನ್ನ ಮೀಟರನ್ನು ನಂಬಿದ್ದರೆ?

ಆ ಮೀಟರಿನ ಬೋರ್ಡ್ ನಾನೇ ಮಾಡಿದ್ದು. ನಾಲ್ಕು ಕುಲುಮೆಗಳ ಸೆನ್ಸರುಗಳಿಂದಲೂ ಬಿಸಿಗೆ ತಕ್ಕಷ್ಟು ಸಣ್ಣ ಕರೆಂಟ್ ಬರುತ್ತದೆ. ಒಂದು ಅನಲಾಗ್ ಸ್ವಿಚ್ ಚಿಪ್ ಅವುಗಳನ್ನು ಸರದಿಯಂತೆ ಮೀಟರಿಗೆ ಜೋಡಿಸುತ್ತದೆ. ಅಂಕಿ ಹೀಗೆ ನಿಂತರೆ ಆ ಚಿಪ್ ಸುಟ್ಟುಹೋಗಿದೆ ಎಂದೇ ಅರ್ಥ; ಇದು ಎರಡನೇ ಸಲ. ಮೊದಲ ಸಲ ಚಿಪ್ಪೇ ಕಳಪೆ ಎಂದುಕೊಂಡು ಬದಲಿಸಿ ಬಂದಿದ್ದೆ. ಈಗ ಭದ್ರಾವತಿಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗದೆ ಬಾಗಿಲ ಹತ್ತಿರವೇ ನಿಂತೆ.

ಫೌಂಡ್ರಿಯಲ್ಲಿ ಹೊಸ ಚಿಪ್ ಹಾಕುವಾಗ ಆಪರೇಟರ್ ಪಕ್ಕದಲ್ಲೇ ಇದ್ದರು. "ಒಂದನೇ ಕುಲುಮೆ ನೋಡುವಾಗ ಉಳಿದ ಮೂರರ ಕರೆಂಟು ಎಲ್ಲಿಗೆ ಹೋಗುತ್ತೆ ಮೇಡಂ?"

ಅದಕ್ಕೆ ಹೋಗಲು ದಾರಿಯೇ ಇರಲಿಲ್ಲ. ಎರಡನೇ ಕುಲುಮೆಯ ತಂತಿಯನ್ನು ಬಿಡಿಸಿ ಅಳೆದೆ: ಇಪ್ಪತ್ತಮೂರು ವೋಲ್ಟ್. ಚಿಪ್ ತಡೆದುಕೊಳ್ಳುವುದು ಹನ್ನೆರಡು ಮಾತ್ರ. ಕರೆಂಟ್ ತಳ್ಳುವ ಸೆನ್ಸರಿಗೆ ದಾರಿ ಮುಚ್ಚಿದರೆ ಅದು ವೋಲ್ಟೇಜ್ ಏರಿಸುತ್ತಲೇ ಹೋಗುತ್ತದೆ. ಓದುವಾಗ ಗೊತ್ತಿದ್ದ ವಿಷಯ. ಬೋರ್ಡ್ ಮಾಡುವಾಗ ನೆನಪಾಗಲಿಲ್ಲ.

ಪ್ರತಿ ತಂತಿಗೂ ಸ್ವಿಚ್ಚಿಗಿಂತ ಮೊದಲೇ ಒಂದೊಂದು ರೆಸಿಸ್ಟರ್ ಹಾಕಿ ಗ್ರೌಂಡಿಗೆ ಸೇರಿಸಿದೆ. ಇನ್ನು ಕರೆಂಟ್ ಸದಾ ಅದರೊಳಗೆ ಹರಿಯುತ್ತದೆ. ಚಿಪ್ ಅಲ್ಲಿನ ಎರಡು ವೋಲ್ಟಿನೊಳಗಿನ ವೋಲ್ಟೇಜನ್ನಷ್ಟೇ ನೋಡುತ್ತದೆ. ಸಂಜೆಯವರೆಗೆ ಕಾದೆ. ನಾಲ್ಕೂ ಕುಲುಮೆಗಳ ಅಂಕಿಗಳು ಬಿಸಿಗೆ ತಕ್ಕಂತೆ ಬದಲಾದವು. ಆಪರೇಟರ್ ಟೀ ತರಿಸಿದರು. ನನಗೆ ಕುಡಿಯಲಾಗಲಿಲ್ಲ.

ನಾನು ಮಾಡಿದ ಇಂಥದೇ ಇನ್ನೊಂದು ಬೋರ್ಡ್ ಕುಂಸಿಯ ಒಂದು ಮಿಲ್ಲಿನಲ್ಲಿ ಭತ್ತ ಒಣಗಿಸುವ ಡ್ರೈಯರಿನಲ್ಲೂ ಇತ್ತು. ಅಲ್ಲಿಂದ ಇನ್ನೂ ಯಾವ ದೂರೂ ಬಂದಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗೇಟಿನ ಹೊರಗೆ ಬಂದು ಮಿಲ್ಲಿನ ಮಾಲೀಕರಿಗೆ ಫೋನ್ ಮಾಡಿ, ಬೋರ್ಡ್ ಬಿಚ್ಚಿ ಸರಿಮಾಡಬೇಕು ಎಂದೆ.

"ಚೆನ್ನಾಗೇ ಓಡ್ತಾ ಇದೆಯಲ್ಲ ಮಾರಾಯ್ತಿ, ಯಾಕೆ ಬಿಚ್ತೀಯಾ?"

"ನಾನೇ ತಪ್ಪು ಮಾಡಿದೀನಿ. ಅದರ ಅಂಕಿ ನಂಬಬೇಡಿ. ನಾಳೆ ಬೆಳಿಗ್ಗೆ ಬರ್ತೀನಿ."

"ಹಾಗಾದ್ರೆ ಡ್ರೈಯರ್ ಈಗ್ಲೇ ನಿಲ್ಲಿಸ್ತೀನಿ," ಎಂದರು ಮಾಲೀಕರು.