ನಾನು ಓದದೆ ಬಿಟ್ಟ ಸಾಲು

ನನ್ನ ಗಂಡ ಆರ್ಚಿ ಕಿನ್ನಿಯರ್ ತೀರಿಕೊಂಡು ಏಳು ವಾರವಾಯಿತು. ಡಂಡೀಯ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ. ಭೌತಶಾಸ್ತ್ರದ ಒಂದು ಮಾಸಪತ್ರಿಕೆಗೆ ಹನ್ನೊಂದು ವರ್ಷ ಸಂಪಾದಕನಾಗಿದ್ದ. ಆಮೇಲೆ ಹದಿನೆಂಟು ವರ್ಷ ಅದೇ ಕೆಲಸವನ್ನು ಹೆಸರಿಲ್ಲದೆ ಮಾಡಿದ. ಹೆಸರು ಹೋದದ್ದು ನನ್ನಿಂದ. ಅದನ್ನು ಯಾರಿಗೂ ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಆ ಮಾತನ್ನು ನಾನು ಮುರಿದಿದ್ದೇನೆ.

ನಾನು ಓದಿದವಳಲ್ಲ. ಹದಿನಾಲ್ಕಕ್ಕೆ ಸೆಣಬಿನ ಗಿರಣಿ ಸೇರಿದೆ. ಮಗ್ಗದ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬರುವುದಿಲ್ಲ, ತುಟಿ ನೋಡಿಯೇ ಮಾತು. ಹಾಗಾಗಿ ಒಂದೊಂದೇ ಪದವನ್ನು ಬಿಡಿಸಿ ಗಟ್ಟಿಯಾಗಿ ಹೇಳುವುದು ನನಗೆ ಅಭ್ಯಾಸವಾಗಿತ್ತು. ಆರ್ಚಿಯನ್ನು ಮೊದಲು ಕಂಡದ್ದು ಟ್ರಾಮಿನಲ್ಲಿ. ಕೊನೆಯ ನಿಲ್ದಾಣ ಬಂದರೂ ಚೀಟಿಯ ಮೇಲೆ ಏನೋ ಗೀಚುತ್ತಾ ಕೂತಿದ್ದ. ಭುಜ ಹಿಡಿದು ಅಲ್ಲಾಡಿಸಿ ಇಳಿಸಿದೆ. ಮುಂದಿನ ವರ್ಷ ಮದುವೆಯಾದೆವು.

“ಅವನಿಗೆ ಬೇಕಿದ್ದದ್ದು ಹೆಂಡ್ತಿ ಅಲ್ಲ ಕಣೆ, ಎಚ್ಚರಿಸೋ ಗಂಟೆ,” ಎಂದು ನನ್ನ ಅಕ್ಕ ಜೆಸ್ಸಿ ನಗುತ್ತಿದ್ದಳು.

ಅಚ್ಚುಕೂಟದಿಂದ ಗುರುವಾರ ಕರಡು ಬರುತ್ತಿತ್ತು. ಊಟದ ಮೇಜು ಒರೆಸಿ ಇಬ್ಬರೂ ಕೂರುತ್ತಿದ್ದೆವು. ಲೇಖಕರು ಕೈಯಲ್ಲಿ ಬರೆದು ಕಳಿಸಿದ ಪ್ರತಿ ನನ್ನ ಮುಂದೆ, ಅಚ್ಚಾದ ಕರಡು ಅವನ ಮುಂದೆ. ನಾನು ಗಟ್ಟಿಯಾಗಿ ಓದಬೇಕು, ಅವನು ಸೀಸದಕಡ್ಡಿ ಹಿಡಿದು ನೋಡಬೇಕು. ಅಲ್ಪವಿರಾಮ, ಪೂರ್ಣವಿರಾಮ, ಆವರಣ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಗ್ರೀಕರ ಅಕ್ಷರ ನನಗೇನು ಗೊತ್ತು? ನಾನೇ ಹೆಸರಿಟ್ಟೆ. ಒಂದು ಕಟುಕನ ಕೊಕ್ಕೆ. ಒಂದು ಕೋಟಿನ ಗುಂಡಿ. ಒಂದು ಮುರಿದ ಕುರ್ಚಿ. “ಕೊಕ್ಕೆ, ಸೊನ್ನೆಯಿಂದ ಗುಂಡಿವರೆಗೆ, ಆವರಣ ಶುರು, ಕುರ್ಚಿ,” ಎಂದು ನಾನು ಓದಿದರೆ ಅವನು ತಲೆಯಾಡಿಸುತ್ತಿದ್ದ. ಸಾಲು ತಪ್ಪದಿರಲೆಂದು ಹೆಣಿಗೆಯ ಕಡ್ಡಿಯೊಂದನ್ನು ಸಾಲಿನ ಕೆಳಗೆ ಇಟ್ಟುಕೊಂಡು, ಓದಿದ ಹಾಗೆ ಕೆಳಗೆ ಜರುಗಿಸುತ್ತಿದ್ದೆ.

“ಕಾಲೇಜಲ್ಲಿ ಓದಿದ ಹುಡುಗರು ಅಷ್ಟೊಂದು ಇದಾರಲ್ಲ, ಅವರನ್ನ ಕರಿ. ನಂಗೆ ಇದರಲ್ಲಿ ಒಂದಕ್ಷರ ಅರ್ಥ ಆಗಲ್ಲ,” ಎಂದೆ ಒಮ್ಮೆ.

“ಅದಕ್ಕೇ ನೀನು ಬೇಕು,” ಎಂದ. “ಗೊತ್ತಿರೋನು ಅಲ್ಲಿ ಏನಿರಬೇಕೋ ಅದನ್ನ ಓದ್ತಾನೆ. ನೀನು ಏನಿದೆಯೋ ಅದನ್ನ ಓದ್ತೀಯ.”

ಹೊಗಳಿದನೋ ಬೈದನೋ ತಿಳಿಯದೆ ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಐವತ್ತೆಂಟರ ಫೆಬ್ರವರಿಯಲ್ಲಿ ಆರ್ಕ್ನಿ ದ್ವೀಪದ ಶಾಲಾಮೇಷ್ಟ್ರೊಬ್ಬರ ಲೇಖನ ಬಂತು. ಇಸ್ಬಿಸ್ಟರ್ ಎಂದು ಹೆಸರು. ಸಮುದ್ರದ ಅಲೆಗಳ ಲೆಕ್ಕ. ಒಂಬತ್ತು ವರ್ಷದ ಕೆಲಸವೆಂದು ಆರ್ಚಿ ಹೇಳಿದ. ಅದರಲ್ಲಿ ಒಂದು ಕಡೆ ಎರಡು ಸಾಲು ಒಂದರ ಕೆಳಗೊಂದು, ಎರಡೂ ಒಂದೇ ಥರ ಶುರುವಾಗುತ್ತಿದ್ದವು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು ಡಾಡ್ ಪಿರಿ. ಅವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿತ್ತು. ಒಂದು ಸಾಲು ಅಚ್ಚಾಗಲೇ ಇಲ್ಲ.

ಅದನ್ನು ಹಿಡಿಯುವುದೇ ನನ್ನ ಕೆಲಸ. ಓದುತ್ತಾ ಆ ಸಾಲಿಗೆ ಬರುವ ಹೊತ್ತಿಗೇ ಒಲೆಯ ಮೇಲೆ ಬಾರ್ಲಿ ಸಾರು ಉಕ್ಕಿತು. ಎದ್ದೆ, ಪಾತ್ರೆ ಇಳಿಸಿದೆ, ಬಂದು ಕೂತೆ. ಎದ್ದಾಗ ಅಂಗಿಯ ತೋಳು ತಾಗಿ ಕಡ್ಡಿ ಜರುಗಿತ್ತು. ಎರಡನೆಯ ಸಾಲಿನಿಂದ ಓದಿದೆ. ಅವನು ತಲೆಯಾಡಿಸಿದ.

ಲೇಖನ ಹೊರಬಂದ ಮೇಲೆ ಗ್ಲಾಸ್ಗೋದ ದೊಡ್ಡ ಪ್ರೊಫೆಸರರೊಬ್ಬರು ಬರೆದರು: ಮೇಷ್ಟ್ರ ಲೆಕ್ಕದಲ್ಲಿ ತೂತಿದೆ, ಇಂಥದ್ದನ್ನು ಅಚ್ಚು ಹಾಕುವುದೆ? ಮೇಷ್ಟ್ರು ಬರೆದದ್ದು ಒಂದೇ ಮಾತು: “ನಾನು ಪೂರ್ತಿ ಕಳಿಸಿದ್ದೆ.”

ಆರ್ಚಿ ಕೈಬರಹದ ಪ್ರತಿ ತೆಗೆದು ನೋಡಿದ. ಸಾಲು ಅಲ್ಲೇ ಇತ್ತು.

“ಓದಿದ್ದು ನಾನು,” ಎಂದೆ.

“ಕೇಳಿದ್ದು ನಾನು. ಆ ಸಾಲು ನನ್ನ ತಲೇಲಿತ್ತು ಎಫಿ. ಅದಕ್ಕೇ ಕಾಗದದ ಮೇಲೆ ಇಲ್ಲ ಅನ್ನೋದು ಕಾಣಲಿಲ್ಲ.”

ಪತ್ರಿಕೆಯ ಸಮಿತಿಯವರು ಅಚ್ಚುಕೂಟದ ತಪ್ಪು ಎಂದು ಹಾಕಿಬಿಡಿ ಎಂದರು. ಹಾಗೆ ಹಾಕಿದ್ದರೆ ಡಾಡ್ ಕೆಲಸ ಕಳೆದುಕೊಳ್ಳುತ್ತಿದ್ದ. ಆರ್ಚಿ ಒಪ್ಪಲಿಲ್ಲ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಬಿಟ್ಟುಹೋದ ಸಾಲನ್ನು ಹಾಕಿ, ಕೆಳಗೆ ಬರೆದ: ಇದು ಸಂಪಾದಕನ ಅಜಾಗರೂಕತೆ, ಲೇಖಕರದ್ದಲ್ಲ, ಅಚ್ಚುಕೂಟದ್ದಲ್ಲ. ಮೇಷ್ಟ್ರ ಮಾನ ಉಳಿಯಿತು. ಬೇಸಿಗೆಯ ಹೊತ್ತಿಗೆ ಮುಖಪುಟದಲ್ಲಿ ಬೇರೆಯವರ ಹೆಸರು ಬಂತು. ಕರಡು ಮಾತ್ರ ಗುರುವಾರ ನಮ್ಮ ಮನೆಗೇ ಬರುತ್ತಿತ್ತು. ಅಷ್ಟು ಚೆನ್ನಾಗಿ ನೋಡುವವರು ಅವರಿಗೆ ಸಿಗಲಿಲ್ಲ.

“ನನ್ನ ಹೆಸರು ಯಾಕೆ ಹೇಳಲಿಲ್ಲ? ಗಿರಣಿಯೋಳು ಅಂತ ನಾಚಿಕೆನಾ?” ಎಂದು ಕೂಗಾಡಿದೆ.

ಅವನು ಆಲೂಗಡ್ಡೆ ಸುಲಿಯುತ್ತಿದ್ದ. “ನಗ್ತಾರೆ. ನನ್ನ ಮೇಲೆ ನಗಲಿ. ನಿನ್ನ ಮೇಲೆ ಬೇಡ. ಹೇಳಲ್ಲ ಅಂತ ಮಾತು ಕೊಡು.”

ಕೊಟ್ಟೆ. ಆದರೂ ನಾಚಿಕೆಯೇ ಇರಬೇಕು ಎಂಬ ಮುಳ್ಳು ವರ್ಷಗಟ್ಟಲೆ ಒಳಗೇ ಇತ್ತು. ಸಿಟ್ಟು ಬಂದಾಗ ಅದರಿಂದಲೇ ಅವನನ್ನು ಚುಚ್ಚಿದ್ದೇನೆ.

ಮಣ್ಣು ಮಾಡಿ ಮೂರು ವಾರಕ್ಕೆ ಈಗಿನ ಸಂಪಾದಕರು ಟಲಕ್ ಎಡಿನ್‌ಬರೋದಿಂದ ಬಂದರು. ಪತ್ರಿಕೆಯಲ್ಲಿ ಆರ್ಚಿಯ ಬಗ್ಗೆ ಒಂದು ಪುಟ ಹಾಕುತ್ತೇವೆ, ಭಾವಚಿತ್ರ ಬೇಕು ಎಂದರು. ಏನು ಬರೆದಿದ್ದೀರೆಂದು ಓದದೆ ಕೊಡುವುದಿಲ್ಲ ಎಂದೆ. ಓದಿದೆ. ಚೆನ್ನಾಗಿಯೇ ಇತ್ತು. ನಡುವೆ ಒಂದು ವಾಕ್ಯ: “ಒಮ್ಮೆ ಅಜಾಗರೂಕತೆಯಿಂದಾಗಿ ಸಂಪಾದಕ ಸ್ಥಾನ ಬಿಡಬೇಕಾಯಿತು.”

“ಇದು ಸುಳ್ಳು,” ಎಂದೆ.

“ಅವರೇ ಬರೆದುಕೊಟ್ಟದ್ದಲ್ವಾ ಮಿಸೆಸ್ ಕಿನ್ನಿಯರ್?”

ಎಲ್ಲವನ್ನೂ ಹೇಳಿದೆ. ಸಾರು, ಕಡ್ಡಿ, ಅಂಗಿಯ ತೋಳು. ಅವರು ಚಹಾ ಕುಡಿಯುವುದನ್ನೇ ಮರೆತರು.

“ಹದಿನೆಂಟು ವರ್ಷ ನಮ್ಮ ಕರಡು ಓದಿದ್ದು ನೀವಾ?”

“ಇಪ್ಪತ್ತೊಂಬತ್ತು.”

“ಹಾಗಾದರೆ ಆ ವಾಕ್ಯ ತೆಗೆದುಬಿಡ್ತೀನಿ. ಯಾರಿಗೂ ನೋವಾಗಲ್ಲ.”

“ತೆಗೀಬೇಡಿ. ತೆಗೆದರೆ ಹಳೇ ಸಂಚಿಕೇಲಿರೋದೇ ನಿಜ ಅಂತ ಉಳಿಯುತ್ತೆ. ಆದದ್ದು ಹಾಕಿ.”

“ಓದೋರು ನಗಬಹುದು.”

“ನಗಲಿ. ಗಿರಣೀಲಿ ಇದಕ್ಕಿಂತ ಜೋರಾಗಿ ನಗ್ತಿದ್ರು.”

ಅವರು ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದಿಟ್ಟರು. ನೀವೇ ಬರೆಯಿರಿ ಎಂದರು. ಮೂರು ವಾಕ್ಯ ಬರೆಯುವಷ್ಟರಲ್ಲಿ ಚಹಾ ಆರಿತು.

ಅದರ ಕರಡು ಮೊನ್ನೆ ಗುರುವಾರ ಬಂತು, ಜೊತೆಗೆ ಮೂಲಪ್ರತಿ. ಕರಡು ಒಬ್ಬರೇ ನೋಡುವ ಕೆಲಸವಲ್ಲ. ಮೂರು ಬೀದಿ ಆಚೆಯಿರುವ ಡಾಡ್‌ನನ್ನು ಕರೆಸಿದೆ. ನಿವೃತ್ತನಾಗಿದ್ದಾನೆ, ದಪ್ಪ ಕನ್ನಡಕ. ಆರ್ಚಿಯ ಕುರ್ಚಿ ತೋರಿಸಿದೆ. ಕೂರಲು ಹಿಂದೆಮುಂದೆ ನೋಡಿದ.

“ಕೂತ್ಕೋ ಮಾರಾಯ. ಅದು ಮುರಿದಿಲ್ಲ.”

ಕಡ್ಡಿ ಇಟ್ಟು ಓದಲು ಶುರುಮಾಡಿದೆ. ಹುಟ್ಟಿದ್ದು, ಓದಿದ್ದು, ಕಾಲೇಜು. ನಡುವೆ ನನ್ನ ವಾಕ್ಯಗಳು ಬಂದವು.

“ಕರಡನ್ನು ಅವರ ಹೆಂಡತಿ ಎಫಿ ಓದುತ್ತಿದ್ದಳು, ಪೂರ್ಣವಿರಾಮ. ಆ ಸಾಲನ್ನು ಬಿಟ್ಟವಳು ಅವಳು, ಪೂರ್ಣವಿರಾಮ. ಆರ್ಚಿ ಅದನ್ನು ತನ್ನ ಮೇಲೆ ಹಾಕಿಕೊಂಡರು, ಪೂರ್ಣವಿರಾಮ.”

ಡಾಡ್ ಕನ್ನಡಕ ತೆಗೆದು ಒರೆಸಿಕೊಂಡ. “ಮೊದಲು ಬಿಟ್ಟೋನು ನಾನು ಎಫಿ. ಅದೂ ಸೇರಿಸು.”

“ಆರ್ಚಿ ಬೇಡ ಅಂದಿದ್ನಲ್ಲ.”

“ನಿಂಗೂ ಬೇಡ ಅಂದಿದ್ದ. ನೀನು ಕೇಳಿದ್ಯಾ?”

ಕರಡಿನ ಅಂಚಿನಲ್ಲಿ ಅವನ ಹೆಸರು ಸೇರಿಸಿದೆ. ಸೀಸದಕಡ್ಡಿ ಆರ್ಚಿಯದೇ, ಹಿಂದಿನ ತುದಿ ಕಚ್ಚಿ ಕಚ್ಚಿ ನಾರಾಗಿತ್ತು. ಇನ್ನು ಒಂದು ಸಾಲು ಉಳಿದಿತ್ತು, ಅವನು ತೀರಿಕೊಂಡ ದಿನದ್ದು. ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ಉಕ್ಕಲಿ ಎಂದು ಬಿಟ್ಟೆ. ಹೆಣಿಗೆಯ ಕಡ್ಡಿ ಕೆಳಗೆ ಜರುಗಿಸಿ ಓದಿದೆ.